ಆ್ಯಬಿ ರೋಡ್: ಎರಡು ಮಗ್ಗುಲಿನ ಒಂದು ಪ್ಲೇಟು

ಇಂಗ್ಲೆಂಡಿನ ರಾಕ್ ತಂಡ ಬೀಟಲ್ಸ್‌ನ ಹಾಡುಗಳ ಪೈಕಿ ಸ್ಪಾಟಿಫೈನಲ್ಲಿ ಜನ ಅತಿ ಹೆಚ್ಚು ಕೇಳಿರುವುದು 'ಹಿಯರ್ ಕಮ್ಸ್ ದ ಸನ್'. 2023ರಲ್ಲಿ ಅದು ನೂರು ಕೋಟಿ ದಾಟಿತು. ಬೆಳಗಿನ ಪ್ಲೇಲಿಸ್ಟು, ಮದುವೆ ವಿಡಿಯೊ, ಕಾಫಿ ಅಂಗಡಿ, ಎಲ್ಲ ಕಡೆ ಒಂಟಿಯಾಗಿ ಓಡಾಡಿಕೊಂಡಿರುವ ಹಾಡು ಅದು. ಎಲ್ಲಿ ಕೇಳಿದರೂ ಚೆಂದವೇ. ಆದರೆ ತವರುಮನೆಯಲ್ಲಿ ಅದರ ಜಾಗ ಬೇರೆ ಇತ್ತು. 1969ರ 'ಆ್ಯಬಿ ರೋಡ್' ಆಲ್ಬಂನಲ್ಲಿ ಅದು ಗ್ರಾಮಫೋನ್ ಪ್ಲೇಟಿನ ಎರಡನೇ ಮಗ್ಗುಲಿನ ಮೊದಲ ಹಾಡು. ಅದಕ್ಕಿಂತ ಮುಂಚೆ, ಮೊದಲ ಮಗ್ಗುಲಿನ ಕೊನೆಗೆ, ಹತ್ತಿರ ಹತ್ತಿರ ಎಂಟು ನಿಮಿಷದ ಒಂದು ಭಾರವಾದ ಹಾಡಿದೆ. ಅದು ಮುಗಿಯುವುದಿಲ್ಲ, ಫಕ್ಕನೆ ಕಡಿದು ಹೋಗುತ್ತದೆ. ಆಮೇಲೆ ಕೇಳುವವರು ಎದ್ದು ಹೋಗಿ, ಮುಳ್ಳು ಎತ್ತಿ, ಪ್ಲೇಟು ತಿರುಗಿಸಿ, ಮತ್ತೆ ಮುಳ್ಳು ಇಡಬೇಕು. ಇಷ್ಟೆಲ್ಲ ಆದ ಮೇಲೆ ಬರುವ ಗಿಟಾರು ಅದು.

ಫೋನಿನಲ್ಲಿ ಇದು ಯಾವುದೂ ಆಗುವುದಿಲ್ಲ. ಒಂದು ಹಾಡು ಕಡಿದ ಬೆನ್ನಿಗೇ ಇನ್ನೊಂದು ಶುರು. ಏನೋ ಆಯಿತು ಅಂತ ಗಾಬರಿಯಾಗುವಷ್ಟರಲ್ಲಿ, ಏನೂ ಆಗಲೇ ಇಲ್ಲ ಅನ್ನುವ ಹಾಗೆ ಬಿಸಿಲು ಬಂದು ಕೂತಿರುತ್ತದೆ.

'ಆ್ಯಬಿ ರೋಡ್' ಬರೀ 17 ಹಾಡುಗಳ ಪಟ್ಟಿ ಅಲ್ಲ. ಪ್ಲೇಟಿನ ಅಳತೆ ನೋಡಿ, ಅದರ ಎರಡು ಮಗ್ಗುಲನ್ನು ಲೆಕ್ಕಕ್ಕೆ ತೆಗೆದುಕೊಂಡು ಕಟ್ಟಿದ ಆಲ್ಬಂ. ಯಾವ ಹಾಡು ಎಲ್ಲಿ ಕೂತಿದೆ, ಕೆಲವು ಹಾಡು ಯಾಕೆ ಒಂದೇ ನಿಮಿಷಕ್ಕೆ ಮುಗಿದುಹೋಗುತ್ತವೆ, ಒಂದು ಹಾಡು ಯಾಕೆ ಪಟ್ಟಿಯಲ್ಲೇ ಇರಲಿಲ್ಲ, ಇದೆಲ್ಲ ಅರ್ಥ ಆಗಬೇಕಾದರೆ ಮೊದಲು ಪ್ಲೇಟು ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ನೋಡಬೇಕು.

12 ಇಂಚಿನ ಎಲ್‌ಪಿ, ಅಂದರೆ ಲಾಂಗ್ ಪ್ಲೇ ಪ್ಲೇಟನ್ನು ಮಾರುಕಟ್ಟೆಗೆ ತಂದಿದ್ದು ಅಮೆರಿಕದ ಕೊಲಂಬಿಯಾ ಕಂಪನಿ, 1948ರಲ್ಲಿ. ಅದು ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ನಿಮಿಷಕ್ಕೆ 78 ಸುತ್ತಿನ ಹಳೆಯ ಪ್ಲೇಟಿನಲ್ಲಿ ಒಂದು ಕಡೆಗೆ ಮೂರು ನಾಲ್ಕು ನಿಮಿಷದ ಹಾಡು ಹಿಡಿಸುತ್ತಿತ್ತು. ಎಲ್‌ಪಿಯಲ್ಲಿ 20 ನಿಮಿಷ ದಾಟಿಸಬಹುದಾಯಿತು. ನೋಡಲು ನೂರಾರು ಉಂಗುರ ಕಂಡರೂ ಒಂದು ಮಗ್ಗುಲಿಗೆ ಇರುವುದು ಒಂದೇ ಗೀರು. ಹೊರ ಅಂಚಿನಲ್ಲಿ ಶುರುವಾಗಿ ಸುರುಳಿ ಸುತ್ತುತ್ತ ನಡುವಿನ ಲೇಬಲ್ ಕಡೆಗೆ ಹೋಗುತ್ತದೆ. 'ಆ್ಯಬಿ ರೋಡ್'ನ ಮೊದಲ ಮಗ್ಗುಲು ಸುಮಾರು 25 ನಿಮಿಷ. ಅಂದರೆ 830ರಷ್ಟು ಸುತ್ತು. ಒಂದು ಮಿಲಿಮೀಟರ್ ಜಾಗದಲ್ಲಿ ಸರಾಸರಿ ಹತ್ತು ಸುತ್ತು ಕೂರಬೇಕು. ಆ ಗೀರನ್ನು ಬಿಚ್ಚಿ ನೆಟ್ಟಗೆ ಎಳೆದರೆ ಅರ್ಧ ಕಿಲೋಮೀಟರ್ ಆಗುತ್ತದೆ.

ಗೀರಿಗೆ ಎರಡು ಗೋಡೆ. ಸ್ಟೀರಿಯೊ ಪ್ಲೇಟಿನಲ್ಲಿ ಒಂದು ಗೋಡೆ ಎಡಗಡೆಯ ಸ್ಪೀಕರಿಗೆ, ಇನ್ನೊಂದು ಬಲಗಡೆಯದಕ್ಕೆ. ಗೋಡೆಗಳ ಅಂಕುಡೊಂಕಿನಲ್ಲಿ ಮುಳ್ಳು ನಡುಗುತ್ತ ಹೋಗುತ್ತದೆ. ಆ ನಡುಕವೇ ಕರೆಂಟಾಗಿ, ಆಮೇಲೆ ಹಾಡಾಗಿ ಕೇಳುತ್ತದೆ. ದನಿ ಜೋರಾದಷ್ಟೂ ಅಂಕುಡೊಂಕು ಅಗಲ. ಬೇಸ್ ಇದ್ದರಂತೂ ಇನ್ನೂ ಅಗಲ. ಅಗಲವಾದರೆ ಪಕ್ಕದ ಸುತ್ತನ್ನು ದೂರ ಸರಿಸಬೇಕು. ದೂರ ಸರಿಸಿದರೆ ನಿಮಿಷ ಕಮ್ಮಿಯಾಗುತ್ತದೆ. ಅದಕ್ಕೇ ಪ್ಲೇಟು ಕೊರೆಯುವಾಗ ಬೇಸನ್ನು ಬೇಕೆಂದೇ ತಗ್ಗಿಸುತ್ತಾರೆ, ಕೀಚು ದನಿಯನ್ನು ಏರಿಸುತ್ತಾರೆ. ಮನೆಯ ಆಂಪ್ಲಿಫೈಯರ್ ಇದನ್ನು ತಲೆಕೆಳಗು ಮಾಡಿ ಮತ್ತೆ ಸರಿಪಡಿಸುತ್ತದೆ. ಆರ್‌ಐಎಎ ಕರ್ವ್ ಅಂತ ಕರೆಯುವುದು ಇದನ್ನೇ. ಆಂಪ್ಲಿಫೈಯರಿನ ಹಿಂದೆ ಫೋನೊ ಅಂತ ಬರೆದ ಒಂದು ತೂತು ಬೇರೆಯಾಗಿ ಇರುತ್ತದಲ್ಲ, ಅದು ಈ ಕೆಲಸಕ್ಕೆ ಅಂತಲೇ.

ಒಂದು ತಾಪತ್ರಯಕ್ಕೆ ಮಾತ್ರ ಪೂರ್ತಿ ಪರಿಹಾರ ಇಲ್ಲ. ಪ್ಲೇಟು ತಿರುಗುವ ವೇಗ ಒಂದೇ. ಆದರೆ ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಹೊರ ಅಂಚಿನಲ್ಲಿ ಒಂದು ಸೆಕೆಂಡಿನ ಹಾಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಸಿಗುತ್ತದೆ. ಲೇಬಲ್ ಹತ್ತಿರ ಬರುವಷ್ಟರಲ್ಲಿ ಅದೇ ಒಂದು ಸೆಕೆಂಡನ್ನು 20 ಸೆಂಟಿಮೀಟರ್ ಚಿಲ್ಲರೆಯಲ್ಲಿ ಮುಗಿಸಬೇಕು. ಇನ್‌ಲ್ಯಾಂಡ್ ಲೆಟರಿನ ಕೊನೆಗೆ ಜಾಗ ಸಾಲದೆ ಅಕ್ಷರ ಒತ್ತೊತ್ತಾಗಿ ಬರೆಯುತ್ತಿದ್ದರಲ್ಲ, ಹಾಗೆ. ಕೀಚು ದನಿಯ ಸಣ್ಣ ಸಣ್ಣ ತಿರುವುಗಳು ಎಷ್ಟು ಇಕ್ಕಟ್ಟಾಗುತ್ತವೆ ಅಂದರೆ ಮುಳ್ಳಿಗೆ ಅವನ್ನು ಸರಿಯಾಗಿ ಸವರಲು ಆಗುವುದಿಲ್ಲ. ಸದ್ದು ಒಡೆಯುತ್ತದೆ, ಮಬ್ಬಾಗುತ್ತದೆ. ಹೀಗಾಗಿ ಎಲ್‌ಪಿ ಮಾಡುವವರಲ್ಲಿ ಒಂದು ರೂಢಿ ಇತ್ತು. ಅಬ್ಬರದ ಹಾಡು ಮೊದಲು, ಮೆತ್ತಗಿನ ಹಾಡು ಕೊನೆಗೆ.

'ಆ್ಯಬಿ ರೋಡ್'ನ ಮೊದಲ ಮಗ್ಗುಲು ಈ ರೂಢಿಗೆ ಸರಿಯಾಗಿ ಉಲ್ಟಾ.

ಅಷ್ಟು ದೂರ ಹೋಗುವ ಮುಂಚೆ ಆ ನಾಲ್ವರ ಪರಿಸ್ಥಿತಿ ಹೇಗಿತ್ತು ಅಂತ ಎರಡು ಮಾತು. ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ 1967ರ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು. ಆಮೇಲೆ ಈ ನಾಲ್ವರೇ ಶುರು ಮಾಡಿದ ಆಪಲ್ ಅನ್ನುವ ಸಂಗೀತ ಕಂಪನಿಯಲ್ಲಿ ದುಡ್ಡು ನೀರಿನಂತೆ ಹೋಗುತ್ತಿತ್ತು. ವ್ಯವಹಾರ ಯಾರ ಕೈಗೆ ಕೊಡಬೇಕು ಅನ್ನುವುದೇ ಜಗಳ. ಜಾನ್ ಲೆನನ್, ಜಾರ್ಜ್ ಹ್ಯಾರಿಸನ್, ರಿಂಗೊ ಸ್ಟಾರ್ ಮೂವರೂ ಅಮೆರಿಕದ ಮ್ಯಾನೇಜರ್ ಅಲೆನ್ ಕ್ಲೈನ್ ಕಡೆ. ಪಾಲ್ ಮೆಕಾರ್ಟ್ನಿ ತಮ್ಮ ಮಾವನ ಮನೆಯವರ ಕಡೆ. 1969ರ ಜನವರಿಯಲ್ಲಿ ಕ್ಯಾಮೆರಾ ಮುಂದೆ ಕೂತು ಹಾಡು ಕಟ್ಟಲು ಹೋಗಿ ಮನಸ್ಸು ಇನ್ನಷ್ಟು ಕೆಟ್ಟಿತ್ತು. ಜಾರ್ಜ್ ಮಧ್ಯದಲ್ಲಿ ಎದ್ದು ಹೋಗಿ, ಕೆಲವು ದಿನ ಬಿಟ್ಟು ವಾಪಸ್ ಬಂದರು. ಆ ಟೇಪುಗಳೇ 1970ರ ಮೇ ತಿಂಗಳಲ್ಲಿ 'ಲೆಟ್ ಇಟ್ ಬಿ' ಅಂತ ಹೊರಬಂದವು. ಹಾಗಾಗಿ ಕೊನೆಗೆ ಬಿಡುಗಡೆಯಾದದ್ದು ಅದಾದರೂ, ನಾಲ್ವರೂ ಕೂತು ಕೊನೆಗೆ ಮಾಡಿದ ಆಲ್ಬಂ 'ಆ್ಯಬಿ ರೋಡ್'.

ಪಾಲ್ ಹೋಗಿ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರನ್ನು ಕೇಳಿದರು: ಮತ್ತೆ ಒಂದು ಆಲ್ಬಂ ಮಾಡೋಣ, ಮೊದಲಿನ ಹಾಗೆ. ಮೊದಲಿನ ಹಾಗೆ ನನ್ನ ಕೆಲಸ ನನಗೆ ಮಾಡಲು ಬಿಟ್ಟರೆ ಸರಿ ಅಂದರು ಮಾರ್ಟಿನ್. ಆದರೆ ಆಲ್ಬಂ ಹೇಗಿರಬೇಕು ಅನ್ನುವುದರಲ್ಲಿ ಮತ್ತೆ ಎಳೆದಾಟ. ಜಾನ್‌ಗೆ ಬೇಕಾಗಿದ್ದು ಬಿಡಿ ಬಿಡಿ ಹಾಡುಗಳು, ನೇರ ರಾಕ್. ಪಾಲ್ ಮತ್ತು ಮಾರ್ಟಿನ್‌ಗೆ ಹಾಡಿಗೆ ಹಾಡು ಬೆಸೆದ ಒಂದು ಉದ್ದದ ರಚನೆ ಬೇಕು. ಮಾರ್ಟಿನ್ ಆಮೇಲೆ ಹೇಳಿಕೊಂಡ ಪ್ರಕಾರ, ಕೊನೆಗೆ ಆದದ್ದು ಹಂಚಿಕೆ. ಮೊದಲ ಮಗ್ಗುಲು ಜಾನ್ ಇಷ್ಟದಂತೆ, ಎರಡನೆಯದು ಪಾಲ್ ಇಷ್ಟದಂತೆ. ಪ್ಲೇಟಿಗೆ ಎರಡು ಮಗ್ಗುಲು ಇದ್ದದ್ದೇ ಒಳ್ಳೆಯದಾಯಿತು ಅಲ್ವಾ? ಒಂದೇ ಉದ್ದದ ಟೇಪಾಗಿದ್ದರೆ ಈ ರಾಜಿ ಇಷ್ಟು ಸಲೀಸಾಗಿ ಆಗುತ್ತಿತ್ತೋ ಇಲ್ಲವೋ.

ಸದ್ದಿನ ವಿಷಯದಲ್ಲೂ ಒಂದು ಬದಲಾವಣೆ ಆಗಿತ್ತು. ಲಂಡನ್ನಿನ ಆ್ಯಬಿ ರೋಡ್ ಅನ್ನುವ ರಸ್ತೆಯಲ್ಲಿದ್ದ ಇಎಂಐ ಸ್ಟುಡಿಯೊದಲ್ಲಿ ಅಲ್ಲಿಯವರೆಗೆ ಇದ್ದದ್ದು ವಾಲ್ವ್ ಮಿಕ್ಸಿಂಗ್ ಡೆಸ್ಕುಗಳು. ಈ ಆಲ್ಬಂ ಹೊತ್ತಿಗೆ ಟ್ರಾನ್ಸಿಸ್ಟರಿನ ಟಿಜಿ12345 ಡೆಸ್ಕು ಬಂತು, ಜೊತೆಗೆ ಎಂಟು ಟ್ರ್ಯಾಕಿನ ಟೇಪ್ ಯಂತ್ರ. ಹಳೆಯ ಡೆಸ್ಕಿನ ಕಚ್ಚುವ ಸದ್ದು ಹೋಗಿ ಎಲ್ಲ ಸ್ವಲ್ಪ ದುಂಡಗೆ, ಮೃದುವಾಗಿ ಬರತೊಡಗಿತು. ಎಂಜಿನಿಯರ್ ಜೆಫ್ ಎಮೆರಿಕ್‌ಗೆ ಮೊದಮೊದಲು ಇದು ಹಿಡಿಸಲಿಲ್ಲ. ಆದರೆ ಈ ಹಾಡುಗಳಿಗೆ ಆ ಸದ್ದೇ ಸರಿಯಾಗಿ ಕೂತಿತು. ಬ್ರಿಟನ್ನಿನಲ್ಲಿ ಮೋನೊ (ಎರಡೂ ಕಡೆ ಒಂದೇ ಸದ್ದು) ಇಲ್ಲದೆ ಬರೀ ಸ್ಟೀರಿಯೊದಲ್ಲಿ ಬಂದ ಅವರ ಮೊದಲ ಎಲ್‌ಪಿ ಇದು. ಜಾರ್ಜ್ ಕೊಂಡು ತಂದಿದ್ದ, ಕರೆಂಟಿನಿಂದಲೇ ಸದ್ದು ಹುಟ್ಟಿಸುವ ಮೂಗ್ ಸಿಂಥಸೈಜರ್ ಕೂಡ ಸ್ಟುಡಿಯೊ ಸೇರಿತು. ಬೀರುವಿನಷ್ಟಿದ್ದ ಆ ಯಂತ್ರದ ಸದ್ದು ನಾಲ್ಕು ಹಾಡುಗಳಲ್ಲಿದೆ. ಎಲ್ಲೂ ನಾನು ಬಂದೆ ಅಂತ ಕೂಗಿ ಹೇಳುವುದಿಲ್ಲ.

ಮೊದಲ ಮಗ್ಗುಲಿನ ಆರು ಹಾಡುಗಳಲ್ಲಿ ಐದನ್ನು ಬೇಗ ದಾಟಬಹುದು. 'ಕಮ್ ಟುಗೆದರ್'ನಲ್ಲಿ ಡ್ರಮ್ಮು ಕೇಳಿ. ರಿಂಗೊ ಡ್ರಮ್ಮಿನ ಮೇಲೆ ಬಟ್ಟೆ ಹೊದಿಸಿ ನುಡಿಸಿದ್ದರಿಂದ ಆ ಮುಚ್ಚಿದ ದಪ್ಪ ಸದ್ದು ಬಂದಿದೆ. ಅವರು ಎಡಚರು, ಆದರೆ ಬಲಗೈಯವರ ಕಿಟ್ ನುಡಿಸುವವರು. ಅದಕ್ಕೇ ಅವರ ಉರುಳಿಕೆಗಳು ಬೇರೆಯವರ ಹಾಗಿರುವುದಿಲ್ಲ. 'ಸಮ್‌ಥಿಂಗ್' ಜಾರ್ಜ್ ಬರೆದದ್ದು. ಸಿಂಗಲ್, ಅಂದರೆ ಮಗ್ಗುಲಿಗೆ ಒಂದೇ ಹಾಡಿನ ಚಿಕ್ಕ ಪ್ಲೇಟಿನ ಮುಖ್ಯ ಮಗ್ಗುಲಿಗೆ ಬಂದ ಅವರ ಮೊದಲ ಬೀಟಲ್ಸ್ ಹಾಡು. ಅಷ್ಟು ವರ್ಷ ಒಂದು ಆಲ್ಬಂಗೆ ಒಂದೆರಡು ಹಾಡಿನ ಜಾಗ ಬೇಡಿಕೊಂಡು ಇದ್ದ ಮನುಷ್ಯ ಇಲ್ಲಿ ಎರಡೇ ಹಾಡು ಕೊಟ್ಟು ಆಲ್ಬಂ ಎತ್ತಿಕೊಂಡು ಹೋಗಿಬಿಟ್ಟರು ಅಂತ ನನ್ನ ಲೆಕ್ಕ. 'ಮ್ಯಾಕ್ಸ್‌ವೆಲ್ಸ್ ಸಿಲ್ವರ್ ಹ್ಯಾಮರ್' ಬಗ್ಗೆ ಹೇಳಲು ಜಾಸ್ತಿ ಇಲ್ಲ. ಪಾಲ್ ಅದರ ಮೇಲೆ ಸುರಿದ ಹೊತ್ತು ನೋಡಿ ಉಳಿದ ಮೂವರಿಗೆ ತಲೆ ಕೆಟ್ಟಿತ್ತು. ಹಾಡು ಕೇಳಿದರೆ ಅವರ ಸಂಕಟ ಗೊತ್ತಾಗುತ್ತದೆ. 'ಓ ಡಾರ್ಲಿಂಗ್'ಗೆ ಗಂಟಲು ಒರಟಾಗಬೇಕು ಅಂತ ಪಾಲ್ ದಿನಾ ಬೇಗ ಬಂದು ಹಾಡಿ ನೋಡುತ್ತಿದ್ದರು. 'ಆಕ್ಟೋಪಸಸ್ ಗಾರ್ಡನ್' ರಿಂಗೊ ಬರೆದದ್ದು. 1968ರಲ್ಲಿ ಬೇಸತ್ತು ತಂಡ ಬಿಟ್ಟು ಸಾರ್ಡಿನಿಯಾಗೆ ಹೋಗಿದ್ದಾಗ, ಆಕ್ಟೋಪಸ್ ಸಮುದ್ರದ ತಳದಲ್ಲಿ ಹೊಳೆಯುವ ಕಲ್ಲು ಒಟ್ಟು ಮಾಡಿ ತೋಟ ಮಾಡಿಕೊಳ್ಳುತ್ತದೆ ಅಂತ ದೋಣಿಯ ಕ್ಯಾಪ್ಟನ್ ಹೇಳಿದ್ದು ಅವರ ಮನಸ್ಸಿನಲ್ಲಿ ಉಳಿದಿತ್ತು.

ಈಗ ಆರನೆಯದು. 'ಐ ವಾಂಟ್ ಯು (ಶೀಸ್ ಸೊ ಹೆವಿ)'. ಜಾನ್ ಇದನ್ನು ತಮ್ಮ ಸಂಗಾತಿ ಯೋಕೊ ಒನೊ ಅವರನ್ನು ನೆನೆದು ಬರೆದರು. ಪದಗಳು ಕೈಬೆರಳಲ್ಲಿ ಎಣಿಸಿ ಮುಗಿಸುವಷ್ಟು. ನೀನು ಬೇಕು, ತಲೆ ಕೆಡುವಷ್ಟು ಬೇಕು, ಇವಳ ಭಾರ ಹೊರಲಾರೆ. ಅಷ್ಟೇ. ಧ್ವನಿಮುದ್ರಣ ಶುರುವಾದದ್ದು ಫೆಬ್ರವರಿ 22ರಂದು, ಲಂಡನ್ನಿನ ಸೋಹೊದಲ್ಲಿದ್ದ ಟ್ರೈಡೆಂಟ್ ಸ್ಟುಡಿಯೊದಲ್ಲಿ. ಮುಗಿದದ್ದು ಆಗಸ್ಟ್‌ನಲ್ಲಿ. ಹಾಡಿನ ಕೊನೆಯ ಮೂರು ನಿಮಿಷದಲ್ಲಿ ಮಾತೇ ಇಲ್ಲ. ಒಂದೇ ಗಿಟಾರಿನ ವರಸೆ ಮೇಲಿನಿಂದ ಕೆಳಗೆ ಇಳಿಯುತ್ತದೆ, ಮತ್ತೆ ಮೇಲೆ ಹೋಗಿ ಮತ್ತೆ ಇಳಿಯುತ್ತದೆ. ಅದರ ಮೇಲೆ ಗಿಟಾರಿನ ಪದರ ಮೇಲೆ ಪದರ. ಹೋಗ್ತಾ ಹೋಗ್ತಾ ಹಿಂದಿನಿಂದ ಒಂದು ಗಾಳಿಯ ಸದ್ದು ಏಳುತ್ತದೆ. ಅದು ಮೂಗ್‌ನಿಂದ ಜಾನ್ ಹೊರಡಿಸಿದ 'ವೈಟ್ ನಾಯ್ಸ್'. ಬಿರುಗಾಳಿ ಬಾಗಿಲ ಹತ್ತಿರ ಬಂದ ಹಾಗೆ ಅದು ಏರುತ್ತಲೇ ಹೋಗುತ್ತದೆ, ಕೊನೆಗೆ ಗಿಟಾರುಗಳನ್ನೇ ನುಂಗುವಷ್ಟು. ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಕಾಯುತ್ತಿರುವಾಗ, 7 ನಿಮಿಷ 44 ಸೆಕೆಂಡಿನ ಹತ್ತಿರ, ವರಸೆ ಇನ್ನೂ ಅರ್ಧದಲ್ಲಿರುವಾಗಲೇ, ಕಟ್. ಟೇಪಿನಲ್ಲಿ ಹಾಡು ಇನ್ನೂ ಮುಂದಕ್ಕೆ ಇತ್ತು. ಇಲ್ಲೇ ಕತ್ತರಿಸಿ ಅಂತ ಜಾನ್ ಹೇಳಿದರು, ಕತ್ತರಿಸಿದರು.

ಇದನ್ನು ಪ್ಲೇಟಿನ ಕಣ್ಣಿನಿಂದ ನೋಡಿ. ಮಗ್ಗುಲಿನ ಕೊನೆ, ಅತಿ ಇಕ್ಕಟ್ಟಿನ ಜಾಗ. ಅಲ್ಲಿ ಇಡೀ ಆಲ್ಬಂನ ಅತಿ ದಟ್ಟವಾದ ಸದ್ದು, ಮೇಲೆ ಕೀಚು ದನಿಗಳಿಂದಲೇ ತುಂಬಿದ ಗಾಳಿ. ಪ್ಲೇಟು ಕೊರೆಯುವವರು ಎದೆ ಮೇಲೆ ಕೈ ಇಟ್ಟುಕೊಳ್ಳಬೇಕಾದ ಕೆಲಸ. ಇನ್ನೊಂದು ವಿಚಾರ ಇದೆ. ಆ ಹಾಡು ಸುಸ್ತಾಗಿ ಇಳಿದು ಮುಗಿದಿದ್ದರೆ, ಮುಳ್ಳು ಲೇಬಲ್ ಬಳಿ ಗರಗರ ಅನ್ನುವುದು ಬರೀ ಮುಗಿಯಿತು ಅನ್ನುವ ಸೂಚನೆ ಆಗುತ್ತಿತ್ತು. ಹೀಗೆ ಕಡಿದಾಗ ಮೊದಲ ಸಲ ಕೇಳುವವರು ಕರೆಂಟು ಹೋಯಿತಾ, ಮುಳ್ಳು ಜಾರಿತಾ ಅಂತ ಪ್ಲೇಯರಿನ ಕಡೆ ತಿರುಗಿ ನೋಡಲೇಬೇಕು. ಆ ಮೌನ ಹಾಡಿನ ಭಾಗವೇ. ಅದನ್ನು ಮುಗಿಸುವುದು ಕೇಳುಗರ ಕೈಯಲ್ಲಿದೆ.

ತಮಾಷೆ ಅಂದರೆ, ಈ ಕಟ್ ಇಡೀ ಆಲ್ಬಂನ ಕೊನೆಯೇ ಆಗಬಹುದಿತ್ತು. 1969ರ ಆಗಸ್ಟ್ 20ರಂದು ನಾಲ್ವರೂ ಸ್ಟುಡಿಯೊದಲ್ಲಿ ಸೇರಿ ಹಾಡುಗಳ ಸಾಲು ಕೂರಿಸಿದರು. ಸ್ಟುಡಿಯೊದಲ್ಲಿ ನಾಲ್ವರೂ ಒಟ್ಟಿಗೆ ಇದ್ದ ಕೊನೆಯ ದಿನ ಅದು. ಆ ದಿನ ಜೋಡಿಸಿದ ಸಾಲಿನಲ್ಲಿ ಮಗ್ಗುಲುಗಳು ಅದಲುಬದಲಾಗಿದ್ದವು. ಹಾಗೇ ಉಳಿದಿದ್ದರೆ ಬೀಟಲ್ಸ್ ಒಟ್ಟಿಗೆ ಮಾಡಿದ ಕೊನೆಯ ಆಲ್ಬಂ ಆ ಬಿರುಗಾಳಿಯ ನಡುವೆ ಕಡಿದು ನಿಲ್ಲುತ್ತಿತ್ತು. ಆಮೇಲೆ ಬದಲಿಸಿದರು. ನನಗೆ ಆ ಇನ್ನೊಂದು ಆಲ್ಬಂ ಕೂಡ ಇಷ್ಟವಾಗುತ್ತಿತ್ತು ಅನ್ನಿಸುತ್ತದೆ. ಆದರೆ ಅದರ ನಂತರ 'ಹಿಯರ್ ಕಮ್ಸ್ ದ ಸನ್' ಇರುತ್ತಿರಲಿಲ್ಲ.

ಆ ಹಾಡು ಹುಟ್ಟಿದ್ದು ಒಂದು ಚಕ್ಕರ್‌ನಲ್ಲಿ. ಆಪಲ್ ಕಂಪನಿಯಲ್ಲಿ ಲೆಕ್ಕಪತ್ರದ ಮೀಟಿಂಗು ಇತ್ತು. ಜಾರ್ಜ್ ಅದಕ್ಕೆ ಹೋಗದೆ ಗೆಳೆಯ ಎರಿಕ್ ಕ್ಲ್ಯಾಪ್ಟನ್ ಮನೆಗೆ ಹೋದರು. ಇಂಗ್ಲೆಂಡಿನ ಉದ್ದನೆಯ ಚಳಿಗಾಲ ಮುಗಿದು ಬಿಸಿಲು ಬಿದ್ದಿತ್ತು. ಕ್ಲ್ಯಾಪ್ಟನ್‌ರ ಗಿಟಾರು ಹಿಡಿದು ತೋಟದಲ್ಲಿ ಓಡಾಡುತ್ತ ಕಟ್ಟಿದ್ದು ಇದು. ಜುಲೈ 7ರಂದು ಧ್ವನಿಮುದ್ರಣ ಶುರುವಾದಾಗ ಜಾನ್ ಇರಲಿಲ್ಲ. ಸ್ಕಾಟ್ಲೆಂಡಿನಲ್ಲಿ ಕಾರು ಅಪಘಾತವಾಗಿ ಸುಧಾರಿಸಿಕೊಳ್ಳುತ್ತಿದ್ದರು. ಗಿಟಾರಿನ ಏಳನೇ ಫ್ರೆಟ್ ಮೇಲೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಕೂರಿಸಿ ನುಡಿಸಿದ್ದರಿಂದ ತಂತಿಗಳು ಅಷ್ಟು ತೆಳ್ಳಗೆ, ಹೊಳಪಾಗಿ ಕೇಳುತ್ತವೆ. ಪ್ಲೇಟಿನ ಹೊರ ಅಂಚಿನಲ್ಲಿ, ಅಂದರೆ ಅತಿ ಹೆಚ್ಚು ಜಾಗ ಇರುವ ಕಡೆ, ಈ ಹೊಳಪು ಪೂರ್ತಿ ದಕ್ಕುತ್ತದೆ. ಒಳಗಿನ ಇಕ್ಕಟ್ಟಿನಲ್ಲಿ ಒದ್ದಾಡಿ ಬಂದ ಮುಳ್ಳು ಈಗ ವಿಶಾಲ ಜಾಗದಲ್ಲಿದೆ. ಬಿಸಿಲು ಬಂತು ಅನ್ನುವುದನ್ನು ಪ್ಲೇಟು ಕೂಡ ತನ್ನ ಮಟ್ಟಿಗೆ ಹೇಳುತ್ತಿದೆ.

ಹಾಡಿನ ನಡುವೆ ಸೂರ್ಯನನ್ನು ಮತ್ತೆ ಮತ್ತೆ ಕರೆಯುವ ಒಂದು ಭಾಗ ಬರುತ್ತದೆ. ಅಲ್ಲಿ ಕಾಲಿನಲ್ಲಿ ತಾಳ ಹಾಕಲು ಹೋದರೆ ತಪ್ಪುತ್ತದೆ. ಪಾಶ್ಚಾತ್ಯ ಲೆಕ್ಕದಲ್ಲಿ ಅದನ್ನು 11/8, 4/4, 7/8 ಅಂತ ಬರೆಯುತ್ತಾರೆ. ನಮ್ಮ ಕಿವಿಗೆ ಇನ್ನೂ ಸುಲಭದ ದಾರಿ ಇದೆ. ಮೂರು ಮೂರರ ತುಂಡು ಎಣಿಸುತ್ತ ಹೋಗಿ, ಕೊನೆಯಲ್ಲಿ ಉಳಿದದ್ದನ್ನು ಸೇರಿಸಿ ಸಮಕ್ಕೆ ಬನ್ನಿ. ಹಿಂದುಸ್ತಾನಿ ತಬಲಾದ ತಿಹಾಯಿ, ನಮ್ಮ ಮೃದಂಗದವರ ಮುಕ್ತಾಯ ಕೇಳಿದವರಿಗೆ ಈ ಚಾಳಿ ಗೊತ್ತು. ಒಂದೇ ಜತಿಯನ್ನು ತಿರುಗಿ ತಿರುಗಿ ನುಡಿಸುತ್ತ, ತಾಳ ತಪ್ಪಿತೇನೋ ಅನ್ನಿಸಿ, ಸರಿಯಾದ ಕಡೆ ಬಂದು ಕೂರುವುದು. ಜಾರ್ಜ್ 1966ರಿಂದ ರವಿಶಂಕರ್ ಹತ್ತಿರ ಸಿತಾರ್ ಕಲಿತವರು. ಇಲ್ಲಿ ಸಿತಾರ್ ಇಲ್ಲ, ತಬಲಾ ಇಲ್ಲ. ಲೆಕ್ಕ ಮಾತ್ರ ಇದೆ. ಮುಂಚಿನ ಆಲ್ಬಂಗಳಲ್ಲಿ ಅವರು ಸಿತಾರ್ ಹಿಡಿದು ಹಾಡಿದ್ದಕ್ಕಿಂತ ಹಿಂದುಸ್ತಾನಿ ಸಂಗೀತ ಅವರೊಳಗೆ ಇಳಿದದ್ದು ಇಲ್ಲೇ ಚೆನ್ನಾಗಿ ಕಾಣುತ್ತದೆ ಅಂತ ನನಗನ್ನಿಸುತ್ತದೆ. ರಿಂಗೊ ಆ ಲೆಕ್ಕದ ಮೇಲೆ ಎಷ್ಟು ಸಲೀಸಾಗಿ ದಾಟಿ ಹೋಗುತ್ತಾರೆ ಅಂದರೆ, ಹಾಡನ್ನು ಗುನುಗುವ ಎಷ್ಟೋ ಜನಕ್ಕೆ ಅಲ್ಲೊಂದು ಗಂಟಿದೆ ಅಂತಲೇ ಗೊತ್ತಾಗುವುದಿಲ್ಲ.

ಮುಂದಿನದು 'ಬಿಕಾಸ್'. ಜಾನ್, ಪಾಲ್, ಜಾರ್ಜ್ ಮೂವರೂ ಸೇರಿ ಮೂರು ಸ್ವರದಲ್ಲಿ ಹಾಡಿ, ಅದನ್ನೇ ಮೂರು ಸಲ ಒಂದರ ಮೇಲೊಂದು ಮುದ್ರಿಸಿದರು. ಒಟ್ಟು ಒಂಬತ್ತು ದನಿ. ಮಾತಾಡಿದರೆ ಜಗಳ ಆಗುತ್ತಿದ್ದ ಹೊತ್ತಿನಲ್ಲಿ ಇಷ್ಟು ಹತ್ತಿರ ನಿಂತು ಹಾಡಿದ್ದಾರೆ.

ಆಮೇಲೆ ಶುರುವಾಗುವುದೇ 16 ನಿಮಿಷದ ಮೆಡ್ಲಿ, ಅಂದರೆ ಹಾಡಿಗೆ ಹಾಡು ಪೋಣಿಸಿದ ಮಾಲೆ. 'ಯು ನೆವರ್ ಗಿವ್ ಮಿ ಯುವರ್ ಮನಿ'ಯಿಂದ 'ದಿ ಎಂಡ್'ವರೆಗೆ ಎಂಟು ಹಾಡು. ನಿಜ ಹೇಳಬೇಕೆಂದರೆ ಇವುಗಳಲ್ಲಿ ಕೆಲವು ಹಾಡೇ ಅಲ್ಲ, ತುಂಡುಗಳು. ಜಾನ್ ಅವರ 'ಮೀನ್ ಮಿಸ್ಟರ್ ಮಸ್ಟರ್ಡ್' ಮತ್ತು 'ಪಾಲಿಥೀನ್ ಪ್ಯಾಮ್' 1968ರಲ್ಲಿ ಋಷಿಕೇಶದ ಆಶ್ರಮದಲ್ಲಿದ್ದಾಗ ಬರೆದು ಅರ್ಧಕ್ಕೆ ಬಿಟ್ಟಿದ್ದವು. ಒಂದೊಂದೂ ಒಂದು ನಿಮಿಷ ಚಿಲ್ಲರೆ. ಒಂಟಿಯಾಗಿ ಬಿಟ್ಟರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಜಾನ್ ಆಮೇಲೆ ಈ ಇಡೀ ಮೆಡ್ಲಿಯನ್ನೇ ಕಸ ಅನ್ನುವ ಹಾಗೆ ಮಾತಾಡಿದ್ದುಂಟು. ಅವರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ತುಂಡುಗಳನ್ನು ಕೂರಿಸಿದ ರೀತಿ ನೋಡಿ.

ಇದೆಲ್ಲ ಕತ್ತರಿ ಕೆಲಸ ಅಂತ ಜನ ಅಂದುಕೊಳ್ಳುತ್ತಾರೆ. ಪೂರ್ತಿ ಹಾಗಲ್ಲ. 'ಸನ್ ಕಿಂಗ್' ಮತ್ತು 'ಮೀನ್ ಮಿಸ್ಟರ್ ಮಸ್ಟರ್ಡ್' ಎರಡನ್ನೂ ಒಂದೇ ಬೀಸಿಗೆ ನುಡಿಸಿದ್ದಾರೆ. 'ಪಾಲಿಥೀನ್ ಪ್ಯಾಮ್' ಮತ್ತು 'ಶಿ ಕೇಮ್ ಇನ್ ಥ್ರೂ ದ ಬಾತ್‌ರೂಮ್ ವಿಂಡೊ' ಕೂಡ ಹಾಗೇ. 'ಗೋಲ್ಡನ್ ಸ್ಲಂಬರ್ಸ್' ಮತ್ತು 'ಕ್ಯಾರಿ ದಟ್ ವೇಟ್' ಕೂಡ. ಉಳಿದ ಬೆಸುಗೆಗಳು ಮಾತ್ರ ಟೇಪಿನವು. ಮೊದಲ ಹಾಡಿನಿಂದ 'ಸನ್ ಕಿಂಗ್'ಗೆ ಹೋಗುವಾಗ ಜೀರುಂಡೆ, ಗಂಟೆಯ ಸದ್ದು ಬರುತ್ತದಲ್ಲ, ಅದು ಪಾಲ್ ಮನೆಯಲ್ಲಿ ಮಾಡಿಕೊಂಡು ತಂದ ಟೇಪ್ ಲೂಪು, ಅಂದರೆ ಅದೇ ಸದ್ದು ಸುತ್ತಿ ಸುತ್ತಿ ಬರುವ ಟೇಪಿನ ಬಳೆ.

ಮೆಡ್ಲಿಯನ್ನು ಹಿಡಿದಿಟ್ಟಿರುವ ಗಂಟು ಇನ್ನೊಂದು ಕಡೆ ಇದೆ. ಮೊದಲ ಹಾಡು ದುಡ್ಡಿನ ಜಗಳದ್ದು. ನೀವು ನನಗೆ ದುಡ್ಡು ಕೊಡುವುದಿಲ್ಲ, ಬರೀ ಕಾಗದ ಕೊಡುತ್ತೀರಿ ಅನ್ನುವ ದೂರು. ಹತ್ತು ನಿಮಿಷ ಕಳೆದ ಮೇಲೆ, 'ಕ್ಯಾರಿ ದಟ್ ವೇಟ್' ನಡುವೆ, ಅದೇ ಮಟ್ಟು ತುತ್ತೂರಿಗಳ ಜೊತೆ ದೊಡ್ಡದಾಗಿ ವಾಪಸ್ ಬರುತ್ತದೆ. ಮಧ್ಯದಲ್ಲಿ ಬಂದ ಜಿಪುಣ, ಕಿಟಕಿ ಹತ್ತಿ ಒಳಬಂದ ಹುಡುಗಿ ಎಲ್ಲ ಮರೆತು, ಓಹ್ ಇದು ಒಂದೇ ಕತೆ ಅಂತ ಕಿವಿಗೆ ಅನ್ನಿಸಿಬಿಡುತ್ತದೆ. ಕತೆ ಇಲ್ಲ, ಆದರೂ ಹಾಗನ್ನಿಸುತ್ತದೆ. ಈ ಭಾರವನ್ನು ಬಹಳ ಕಾಲ ಹೊರಬೇಕು ಅಂತ ಎಲ್ಲರೂ ಸೇರಿ ಹಾಡುವಾಗ ಹಿಂದಿನ ಮಗ್ಗುಲಿನ ಜಾನ್ ಹಾಡು ನೆನಪಾದರೆ ಆಶ್ಚರ್ಯವಿಲ್ಲ. ಅಲ್ಲೂ ಭಾರ, ಇಲ್ಲೂ ಭಾರ.

'ದಿ ಎಂಡ್'ನಲ್ಲಿ ರಿಂಗೊ ಒಂದು ತನಿ ನುಡಿಸುತ್ತಾರೆ. ತಂಡದ ಆಲ್ಬಂಗಳಲ್ಲಿ ಅವರು ನುಡಿಸಿದ ಒಂದೇ ಡ್ರಮ್ ಸೋಲೊ. ಸೋಲೊ ಅಂದರೆ ಅವರಿಗೆ ಆಗುತ್ತಿರಲಿಲ್ಲ, ಒಪ್ಪಿಸಿ ನುಡಿಸಿದ್ದು. ಆಮೇಲೆ ಗಿಟಾರಿನ ಸರದಿ. ಪಾಲ್, ಜಾರ್ಜ್, ಜಾನ್, ಇದೇ ಕ್ರಮದಲ್ಲಿ ಒಬ್ಬೊಬ್ಬರು ಎರಡೆರಡು ಆವರ್ತ, ಒಟ್ಟು ಮೂರು ಸುತ್ತು. ಒಂದೆರಡು ಸಲ ಕೇಳಿದರೆ ಯಾರು ಯಾರು ಅಂತ ಗುರುತು ಸಿಗುತ್ತದೆ. ಪಾಲ್ ಚುರುಕು, ಜಾರ್ಜ್ ಎಳೆದೆಳೆದು ಹಾಡಿಸುವವರು, ಜಾನ್ ಗರಗಸ. ಗಾಯನದ ಜುಗಲ್‌ಬಂದಿಯ ಹಾಗೆ ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯುವುದಿಲ್ಲ. ಹದಿನೈದು ಸೆಕೆಂಡಿನಷ್ಟು ಏನೂ ಇಲ್ಲ. ಆಮೇಲೆ ಢಮ್ಮನೆ ಒಂದು ದೊಡ್ಡ ಸ್ವರ, ಅದರ ಹಿಂದೆ ಪಾಲ್ ಒಬ್ಬರೇ ಗಿಟಾರು ಹಿಡಿದು ರಾಣಿಯ ಬಗ್ಗೆ ತರಲೆಯ ನಾಲ್ಕು ಸಾಲು. 23 ಸೆಕೆಂಡು. ಕೊನೆಯ ಸ್ವರವೇ ಇಲ್ಲ. ಇದು 'ಹರ್ ಮೆಜೆಸ್ಟಿ'.

ಇದರ ಜಾಗ ಮೊದಲು ಮೆಡ್ಲಿಯ ನಡುವೆ, 'ಮಸ್ಟರ್ಡ್' ಮತ್ತು 'ಪ್ಯಾಮ್' ಮಧ್ಯೆ ಇತ್ತು. ಜುಲೈ 30ರಂದು ಮೆಡ್ಲಿಯನ್ನು ಜೋಡಿಸಿ ನೋಡಿದಾಗ ಪಾಲ್‌ಗೆ ಸರಿಬರಲಿಲ್ಲ. ತೆಗೆದು ಬಿಸಾಕಿ ಅಂದರು. ಟೇಪ್ ನೋಡಿಕೊಳ್ಳುತ್ತಿದ್ದ ಹುಡುಗ ಜಾನ್ ಕರ್ಲಾಂಡರ್. ಬೀಟಲ್ಸ್ ಮುದ್ರಿಸಿದ ಯಾವುದನ್ನೂ ಬಿಸಾಕಕೂಡದು ಅಂತ ಅವರಿಗೆ ಮೇಲಿನವರ ಕಟ್ಟುನಿಟ್ಟು ಇತ್ತು. ನೆಲದ ಮೇಲೆ ಬಿದ್ದ ತುಂಡನ್ನು ಎತ್ತಿ, ನಡುವೆ ಒಂದಷ್ಟು ಖಾಲಿ ಕೆಂಪು ಲೀಡರ್ ಟೇಪು ಹಾಕಿ, ರೀಲಿನ ಕೊನೆಗೆ ಅಂಟಿಸಿಟ್ಟರು. ಮುಂದೆ ಕೇಳಿ ನೋಡಲು ಅಂತ ಆ ರೀಲಿನಿಂದ ಒಂದು ಪ್ಲೇಟು ಕೊರೆದಾಗ ಈ ತುಂಡೂ ಸೇರಿಕೊಂಡಿತು. ಎಲ್ಲ ಮುಗಿಯಿತು ಅಂದುಕೊಂಡ ಮೇಲೆ ಅದು ಎದ್ದು ಬಂದಾಗ ಪಾಲ್‌ಗೆ ಖುಷಿಯಾಯಿತು. ಹಾಗೇ ಇರಲಿ ಅಂದರು. ಮೊದಲಿಗೆ ಬರುವ ಆ ಢಮ್ ಸ್ವರ ನಿಜವಾಗಿ 'ಮಸ್ಟರ್ಡ್'ನ ಕೊನೆಯ ಸ್ವರ. 'ಹರ್ ಮೆಜೆಸ್ಟಿ'ಯ ಕೊನೆಯ ಸ್ವರ 'ಪ್ಯಾಮ್'ನ ಶುರುವಿನಲ್ಲಿ ಸಿಕ್ಕಿಕೊಂಡು ಅಲ್ಲೇ ಉಳಿಯಿತು. ಹೊದಿಕೆಯ ಮೇಲೆ ಈ ಹಾಡಿನ ಹೆಸರೇ ಇರಲಿಲ್ಲ. 1969ರಲ್ಲಿ ಪ್ಲೇಟು ಹಾಕಿ ಹಾಗೇ ಕೂತಿದ್ದವರು ಒಮ್ಮೆ ಬೆಚ್ಚಿರಬೇಕು. ಒಂದು ಗಿಟಾರು, ಒಂದು ದನಿ, ಮೆತ್ತಗಿನ ಹಾಡು: ಮಗ್ಗುಲಿನ ಕೊನೆಯ ಇಕ್ಕಟ್ಟಿಗೆ ರೂಢಿ ಬಯಸುವುದು ಇಂಥದ್ದನ್ನೇ. ಅದು ಆಕಸ್ಮಿಕವಾಗಿ ಅಲ್ಲಿ ಬಂದು ಕೂತಿದೆ.

ಹೊದಿಕೆಯ ವಿಷಯ ಎಲ್ಲರಿಗೂ ಗೊತ್ತಿರುವುದೇ. ಆಗಸ್ಟ್ 8ರ ಬೆಳಗ್ಗೆ ಛಾಯಾಗ್ರಾಹಕ ಇಯಾನ್ ಮ್ಯಾಕ್‌ಮಿಲನ್ ರಸ್ತೆ ನಡುವೆ ಏಣಿ ಹತ್ತಿ ನಿಂತರು. ಪೊಲೀಸರು ವಾಹನ ತಡೆದರು. ನಾಲ್ವರೂ ಸ್ಟುಡಿಯೊ ಮುಂದಿನ ಜೀಬ್ರಾ ಪಟ್ಟಿ ದಾಟಿದರು. ತೆಗೆದದ್ದು ಆರು ಫೋಟೊ, ಸುಮಾರು ಹತ್ತು ನಿಮಿಷದ ಕೆಲಸ. ಮುಂದುಗಡೆ ತಂಡದ ಹೆಸರಿಲ್ಲ, ಆಲ್ಬಂ ಹೆಸರೂ ಇಲ್ಲ. ಪಾಲ್ ಬರಿಗಾಲಲ್ಲಿ ಇದ್ದರು ಅಂತ ಅವರು ಸತ್ತೇ ಹೋಗಿದ್ದಾರೆ ಅನ್ನುವ ಪುಕಾರು ಹಬ್ಬಿತು. ಅದರ ಬಗ್ಗೆ ಸುಮ್ನೆ ಸಮಯ ಹಾಳು ಮಾಡುವುದು ಬೇಡ. ಬಿಡುಗಡೆ ಸೆಪ್ಟೆಂಬರ್ 26ಕ್ಕೆ. ಅದಕ್ಕೆ ಒಂದು ವಾರದ ಹಿಂದೆಯೇ ಜಾನ್ ತಾನು ತಂಡ ಬಿಡುತ್ತೇನೆ ಅಂತ ಒಳಗೊಳಗೆ ಹೇಳಿಯಾಗಿತ್ತು. ಕೊಂಡವರಿಗೆ ಅದು ಗೊತ್ತಿರಲಿಲ್ಲ.

ಭಾರತದಲ್ಲಿ ಬೀಟಲ್ಸ್ ಪ್ಲೇಟುಗಳನ್ನು ಒತ್ತುತ್ತಿದ್ದದ್ದು ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ, ಕಲ್ಕತ್ತಾದ ಡಂಡಂ ಕಾರ್ಖಾನೆಯಲ್ಲಿ. ನಾಯಿ ಗುರುತಿನ ಎಚ್‌ಎಂವಿ ಹೆಸರಿನಲ್ಲಿ ನಮ್ಮ ಕನ್ನಡ ಸಿನಿಮಾ ಹಾಡಿನ ಪ್ಲೇಟುಗಳನ್ನು ಹೊರತಂದದ್ದೂ ಅದೇ ಕಂಪನಿ. ಹಳೆಯ ಪ್ಲೇಟು ಕೊಳ್ಳುವ ಆಸೆ ಇರುವವರಿಗೆ ಒಂದು ಮಾತು. 'ಆ್ಯಬಿ ರೋಡ್' ಸಿಕ್ಕಿದರೆ ಮೊದಲ ಮಗ್ಗುಲಿನ ಕೊನೆಯ ಮೂರು ನಿಮಿಷ ಹಾಕಿಸಿ ಕೇಳಿ. ಸವೆದ ಮುಳ್ಳಿನಲ್ಲಿ ವರ್ಷಗಟ್ಟಲೆ ಉಜ್ಜಿದ ಪ್ಲೇಟಾದರೆ ಅಲ್ಲಿ ಮೊದಲು ಸಿಕ್ಕಿಬೀಳುತ್ತದೆ. ಗಿಟಾರು ಯಾವುದು, ಗಾಳಿ ಯಾವುದು ಅಂತ ಬೇರೆ ಬೇರೆಯಾಗಿ ಕೇಳಿದರೆ ದುಡ್ಡು ಕೊಡಬಹುದು. ಎಲ್ಲ ಸೇರಿ ಒಂದೇ ಕೆರೆತ ಆಗಿದ್ದರೆ ಬೇಡ.

ಪ್ಲೇಯರ್ ಇಲ್ಲದವರು ಫೋನಿನಲ್ಲೇ ಕೇಳಿ, ಏನೂ ತೊಂದರೆ ಇಲ್ಲ. ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಶುರುವಿಗೆ ಬೆರೆಸುವುದು) ಆಫ್ ಮಾಡಿ, ಶಫಲ್ ಆಫ್ ಮಾಡಿ. ಕ್ರಾಸ್‌ಫೇಡ್ ಆನ್ ಇದ್ದರೆ ಜಾನ್ ಕತ್ತರಿಸಿದ ಜಾಗ ನುಣ್ಣಗಾಗಿ ಹೋಗುತ್ತದೆ. ಆರನೇ ಹಾಡು ಕಡಿದ ಕೂಡಲೇ ನಿಲ್ಲಿಸಿ, ಒಂದು ಲೋಟ ನೀರು ಕುಡಿದು ಬಂದು ಏಳನೆಯದನ್ನು ಹಾಕಿ. ಹಳೆಯ ಮಿಕ್ಸ್ ಬೇಕಾದರೆ 2009ರ ರಿಮಾಸ್ಟರ್ ಇದೆ. ಜಾರ್ಜ್ ಮಾರ್ಟಿನ್‌ರ ಮಗ ಜೈಲ್ಸ್ ಮಾರ್ಟಿನ್ 2019ರಲ್ಲಿ ಮಾಡಿದ ಹೊಸ ಮಿಕ್ಸ್‌ನಲ್ಲಿ ಬೇಸ್ ಮತ್ತು ಡ್ರಮ್ಮು ಇನ್ನಷ್ಟು ಹತ್ತಿರ ಕೇಳುತ್ತವೆ. ಇಯರ್‌ಫೋನಿಗೆ ನನಗೆ ಅದೇ ಇಷ್ಟ. ಅದು ಬಂದಾಗ ಆಲ್ಬಂ ಬ್ರಿಟನ್ನಿನಲ್ಲಿ ಮತ್ತೆ ಮೊದಲ ಸ್ಥಾನಕ್ಕೇರಿತು, ಹತ್ತಿರ ಹತ್ತಿರ 50 ವರ್ಷದ ನಂತರ.

2019ರಲ್ಲಿ ಬಂದ ದೊಡ್ಡ ಬಾಕ್ಸ್ ಸೆಟ್‌ನಲ್ಲಿ ಜುಲೈ 30ರ ಆ ಮೊದಲ ಜೋಡಣೆಯೂ ಇದೆ. 'ದ ಲಾಂಗ್ ಒನ್' ಅಂತ ಹೆಸರು. ಅದರಲ್ಲಿ 'ಹರ್ ಮೆಜೆಸ್ಟಿ' ತನ್ನ ಹಳೆಯ ಜಾಗದಲ್ಲೇ ಕೂತಿದೆ. ಕಳೆದುಹೋಗಿದ್ದ ಕೊನೆಯ ಸ್ವರವೂ ಇದೆ, ಹಿಂದೆ ಮುಂದೆ ಎಲ್ಲ ಸರಿಯಾಗಿ ಹೊಂದುತ್ತದೆ. ಆದರೆ 'ಮಸ್ಟರ್ಡ್'ನಿಂದ 'ಪ್ಯಾಮ್'ಗೆ ನುಗ್ಗುವ ಓಟ ಅಲ್ಲಿಗೆ ಬಂದು ಮುಗ್ಗರಿಸುತ್ತದೆ. ತೆಗೆಯಿರಿ ಅಂತ ಪಾಲ್ ಹೇಳಿದ್ದು ಸರಿ. ಬಿಸಾಕಿ ಅಂದದ್ದನ್ನು ಕರ್ಲಾಂಡರ್ ಕೇಳದೆ ಇದ್ದದ್ದೂ ಸರಿ.